ಗಾಜಿನ ಅಂಚಿನ ಬಾಣ

ಫೆಬ್ರುವರಿ 9

ಗುಬ್ಬಿ,

ಪಾರ್ಸೆಲ್ ಬಿಚ್ಚುವ ಮುಂಚೆ ಈ ಕಾಗದ ಓದು. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ, ಆಗಲೇ ಡಬ್ಬಿಗೆ ಕೈ ಹಾಕಿರುತ್ತೀಯ. ಹಾಕಿದ್ದರೆ ತೆಗೆ. ಹೋಗಿ ಕೈ ತೊಳೆದುಕೊಂಡು ಬಾ.

ಅಕ್ಕನ ಕ್ಯಾಮೆರಾದ ಲೆನ್ಸ್ ತಯಾರಾಯಿತು. ನಿನ್ನ ಅಮ್ಮನ ಕ್ಯಾಮೆರಾ ಎಂದು ಬರೆಯಬೇಕಿತ್ತೇನೋ. ಆದರೆ ನನಗೆ ಅವಳು ಮೊದಲು ಅಕ್ಕ, ಆಮೇಲೆ ನಿನ್ನ ಅಮ್ಮ. ಕಳೆದ ವರ್ಷ ಅವಳು ಹೋದಮೇಲೆ ಬೀರುವಿನಲ್ಲಿ ಸಿಕ್ಕ ಆ ಅಂಗೈಯಗಲದ ಕ್ಯಾಮೆರಾವನ್ನು ನೀನು ನನಗೆ ಕಳಿಸಿ, "ಇದರ ಲೆನ್ಸ್ ಬಿಚ್ಚಿ ನನ್ನ ಸಿನಿಮಾ ಕ್ಯಾಮೆರಾಕ್ಕೆ ಕೂರೋ ಹಾಗೆ ಮಾಡಿಕೊಡಿ" ಎಂದಾಗ ಹುಡುಗಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಆನೆಗೆ ಗುಬ್ಬಿಯ ಕಣ್ಣು ಇಟ್ಟ ಹಾಗೆ! ಲೆನ್ಸನ್ನು ನಿನ್ನ ಕ್ಯಾಮೆರಾಕ್ಕೆ ಜೋಡಿಸಲು ಹಿತ್ತಾಳೆಯ ಬಳೆಯೊಂದನ್ನು ಕಡೆಸಿದೆ. ಮೊದಲನೆಯದು ಸಡಿಲವಾಯಿತು, ಎರಡನೆಯದು ಕೂತಿತು. ಒಳಗೆಲ್ಲ ಬೂಷ್ಟು ಹಿಡಿದಿತ್ತು. ಇಷ್ಟು ವರ್ಷ ಬಟ್ಟೆಗಳ ಮಧ್ಯೆ ಇದ್ದರೆ ಇನ್ನೇನಾಗುತ್ತದೆ?

ಮೂರೇ ಗಾಜು. ನೀನೂ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕಾಲು ಅಲ್ಲಾಡಿಸುತ್ತ ಕೂತು ಕಲಿತವಳು, ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಪ್ರತಿ ಗಾಜು ಹೊರಗೆ ಬರುತ್ತಿದ್ದ ಹಾಗೆಯೇ, ಕೈಯಲ್ಲಿ ಹೊರಳುವ ಮುಂಚೆ, ಅದರ ಅಂಚಿನ ಮೇಲೆ ಪೆನ್ಸಿಲ್ಲಿನಲ್ಲಿ ಪುಟ್ಟ ಬಾಣ ಬರೆದೆ. ಮೂತಿ ಮುಂದಕ್ಕೆ, ಫೋಟೊ ತೆಗೆಸಿಕೊಳ್ಳುವವರ ಕಡೆಗೆ. ಬಂದ ಹಾಗೆಯೇ ವಾಪಸ್ ಹೋಗಬೇಕು. ನಲವತ್ತು ವರ್ಷದಿಂದ ನನ್ನ ಅಂಗಡಿಯಲ್ಲಿ ಇರುವುದು ಇದೊಂದೇ ಕಾನೂನು. ಕ್ಯಾಮೆರಾದ ಮೈ, ಸ್ಪ್ರಿಂಗು, ಒಂದೊಂದು ಸ್ಕ್ರೂ ಕೂಡ ಇಲ್ಲಿ ನನ್ನ ಹತ್ತಿರ ಬಿಸ್ಕತ್ತಿನ ಡಬ್ಬಿಯಲ್ಲಿ ಭದ್ರವಾಗಿದೆ.

ಅಕ್ಕ ಫೋಟೊ ತೆಗೆಯುವುದನ್ನು ಬಿಟ್ಟದ್ದು ನಿನಗೆ ನೆನಪಿದೆಯಾ? ಪ್ರಿಂಟುಗಳನ್ನು ಹಿಡಿದುಕೊಂಡು ಅಂಗಡಿಗೆ ಬಂದಿದ್ದಳು, ಎಲ್ಲ ಮಂಜು ಮಂಜಾಗಿ ಬರುತ್ತಿದೆ ಎಂದು. "ಕ್ಯಾಮೆರಾಗಲ್ಲ ಅಕ್ಕ, ನಿನ್ನ ಕೈಗೆ ವಯಸ್ಸಾಗಿದೆ, ನಡುಗ್ತಾ ಇದೆ" ಎಂದು ರೇಗಿಸಿದೆ. ನಕ್ಕಳು. ಆಮೇಲೆ ಬೀರುವಿನಲ್ಲಿ ಇಟ್ಟವಳು ಹೊರಗೆ ತೆಗೆಯಲೇ ಇಲ್ಲ. ಈಗ ಅದೇ ಗಾಜು ಸಿನಿಮಾ ನಾಯಕಿಯ ಎದುರು ನಿಲ್ಲುತ್ತದೆ ಎಂದು ಗೊತ್ತಾಗಿದ್ದರೆ ಅವಳ ಜಂಬ ನೋಡಬೇಕಿತ್ತು.

ಫೋನ್ ಮಾಡಬೇಡ. ನನ್ನ ಕಿವಿಗೆ ಈಗ ಅದು ಬರೀ ಗೊರಗೊರ. ಬರೆ.

ನಿನ್ನ ಮಾಮ

ಮಾರ್ಚ್ 3

ಮಾಮ,

ಕೈ ತೊಳೆದುಕೊಂಡೇ ಬಿಚ್ಚಿದೆ. (ಮೊದಲು ಬಿಚ್ಚಿ, ಕಾಗದ ಓದಿ, ಹೋಗಿ ತೊಳೆದುಕೊಂಡು ಬಂದೆ.)

ಮೊನ್ನೆ ಟೆಸ್ಟ್ ಮಾಡಿದೆವು. ನಾಯಕಿಯನ್ನು ಕಿಟಕಿಯ ಪಕ್ಕ ಕೂರಿಸಿ, ನಿಮ್ಮ ಲೆನ್ಸ್ ಹಾಕಿ, ಬೇರೆ ನಾಲ್ಕು ದೊಡ್ಡ ಲೆನ್ಸುಗಳ ಜೊತೆಗೆ ಅದನ್ನೂ ಪರದೆಯ ಮೇಲೆ ನೋಡಿದೆವು. ನಿಮ್ಮದು ಬಂದಾಗ ನಿರ್ದೇಶಕರು ಕುರ್ಚಿಯಿಂದ ಎದ್ದೇಬಿಟ್ಟರು. ಸದಾ ಮುಖ ಗಂಟು ಹಾಕಿಕೊಂಡೇ ಇರುವ ಮನುಷ್ಯ. "ಏನ್ರೀ ಇದು? ಯಾವ ಲೆನ್ಸು?" ಎಂದು ಮೂರು ಸಲ ಕೇಳಿದರು. ನಡುವಿನಲ್ಲಿ ರೆಪ್ಪೆಯ ಕೂದಲು ಎಣಿಸಬಹುದು. ಅಂಚಿಗೆ ಹೋದ ಹಾಗೆ ಗೋಡೆ, ಕಿಟಕಿಯ ಪರದೆ, ಬೆಳಕು ಎಲ್ಲ ಮೆಲ್ಲಗೆ ಕರಗಿಬಿಡುತ್ತದೆ. ಈಗಿನ ಲೆನ್ಸುಗಳು ಮುಖದ ಮೇಲಿನ ಒಂದೊಂದು ಗುಳಿಯನ್ನೂ ಲೆಕ್ಕ ಹಾಕಿ ತೋರಿಸುತ್ತವೆ. ಮೇಕಪ್ಪಿನವರು ನಿಮಗೆ ಪ್ರತ್ಯೇಕವಾಗಿ ಕೈ ಮುಗಿದಿದ್ದಾರೆ.

ಗೋಳಾಡಿದವರು ಫೋಕಸ್ ನೋಡಿಕೊಳ್ಳುವವರು ಒಬ್ಬರೇ. ಪುಟ್ಟ ಕ್ಯಾಮೆರಾದ ಲೆನ್ಸಲ್ಲವೇ, ಅದರ ಫೋಕಸ್ ತಿರುಗುವುದೇ ಒಂದಿಷ್ಟು. "ಒಂದು ಕೂದಲೆಳೆ ಜರುಗಿಸಿದ್ರೆ ನಾಯಕಿ ಮೂಗಿಂದ ಹಿಂದಿನ ಗೋಡೆಗೆ ಹೋಗುತ್ತೆ ಮೇಡಂ, ನಾನು ಮನುಷ್ಯನೋ ಜಾದೂಗಾರನೋ?" ಎಂದು ದಪ್ಪ ಮೀಸೆಯ ಮನುಷ್ಯ ಅಳುವುದೊಂದೇ ಬಾಕಿ.

ಇಡೀ ಸಿನಿಮಾ ಇದರಲ್ಲೇ ತೆಗೆಯುವುದು ಎಂದು ತೀರ್ಮಾನವಾಗಿದೆ. ನೀವು ಇದಕ್ಕೆ ಏನು ಮಾಡಿದಿರಿ ಮಾಮ? ಏನೋ ಮಾಡಿದ್ದೀರಿ, ಅಲ್ಲವೇ? ಬೇಕೆಂದೇ ಏನಾದರೂ? ಇಲ್ಲಿ ಎಲ್ಲರೂ ಕೇಳುತ್ತಿದ್ದಾರೆ, ನಾನೂ ಕೇಳುತ್ತಿದ್ದೇನೆ. ಹೇಳಿ.

ಗುಬ್ಬಿ

ಮಾರ್ಚ್ 12

ಗುಬ್ಬಿ,

ನಿನ್ನ ಕಾಗದವನ್ನು ಪಕ್ಕದ ಅಂಗಡಿಯ ವಾಚ್ ರಿಪೇರಿಯವರಿಗೆ ಓದಿ ಹೇಳಿದ್ದು ತಪ್ಪಾಯಿತು. ಅವರು ಕ್ಷೌರದಂಗಡಿಯಲ್ಲಿ ಹೇಳಿದರು. ಇನ್ನು ಊರಿಗೆ ಡಂಗುರ ಹೊಡೆಸುವ ಅಗತ್ಯವಿಲ್ಲ. ಔಷಧಿ ಅಂಗಡಿಯವರು ನಿನ್ನೆ ನನ್ನನ್ನು "ಬನ್ನಿ ಸಿನಿಮಾದವರೇ" ಎಂದು ಕರೆದರು.

ಏನು ಮಾಡಿದೆ ಎಂದು ಕೇಳಿದ್ದೀಯ. ಕೈಗುಣ ಎಂದಿಟ್ಟುಕೋ. ಎಲ್ಲವನ್ನೂ ಕಾಗದದಲ್ಲಿ ಹೇಳಲಾಗುವುದಿಲ್ಲ. ಲೆನ್ಸನ್ನು ಮಾತ್ರ ಬಿಚ್ಚಲು ಹೋಗಬೇಡ, ನಿನಗೆ ಆಣೆ.

ಮುಂದಿನ ತಿಂಗಳು ಕಣ್ಣಿನ ಪೊರೆ ತೆಗೆಸುತ್ತಿದ್ದೇನೆ. ಎರಡೂ ಕಣ್ಣಿಗೆ. ಗಾಬರಿ ಬೇಡ, ಈಗ ಅದು ಹಲ್ಲು ಕೀಳಿಸಿದಷ್ಟೇ ಸಲೀಸು ಎನ್ನುತ್ತಾರೆ.

ಮಾಮ

ನವೆಂಬರ್ 20

ಗುಬ್ಬಿ,

ಸಿನಿಮಾ ನೋಡಿದೆ. ಐದು ದಿನವಾಯಿತು. ದಿನಾ ಬರೆಯಲು ಕೂತು ಎದ್ದಿದ್ದೇನೆ.

ವಾಚಿನವರು, ಅವರ ಹೆಂಡತಿ, ನಾನು, ಮಧ್ಯಾಹ್ನದ ಆಟಕ್ಕೆ ಹೋದೆವು. ಮೊದಲ ದೃಶ್ಯ ಮುಗಿಯುವಷ್ಟರಲ್ಲಿ ಕುರ್ಚಿಯ ತುದಿಗೆ ಬಂದು ಕೂತೆ. ಈಗ ನನ್ನ ಕಣ್ಣು ಚೊಕ್ಕವಾಗಿದೆ, ಡಾಕ್ಟರು ಹತ್ತು ವರ್ಷ ವಾಪಸ್ ಕೊಟ್ಟಿದ್ದಾರೆ. ಆ ಹೊಸ ಕಣ್ಣಿಗೆ ಪರದೆಯ ನಾಲ್ಕು ಮೂಲೆಯೂ ಕಂಡಿತು. ಅಂಚು ಹಾಗೆ ಕರಗುವುದು, ಬೆಳಕು ಹಾಗೆ ಒಂದು ಪಕ್ಕಕ್ಕೆ ಎಳೆದುಕೊಳ್ಳುವುದು ಯಾಕೆ ಎಂದು ಈ ಕಸುಬಿನವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊನೆಯ ಗಾಜು ಹಿಂದುಮುಂದಾಗಿ ಕೂತಿದೆ. ಅದರ ಎರಡು ಮೈಯೂ ಉಬ್ಬು, ಒಂದು ಸ್ವಲ್ಪ ಹೆಚ್ಚು, ಒಂದು ಸ್ವಲ್ಪ ಕಡಿಮೆ. ಗಮನವಿಲ್ಲದವನಿಗೆ ಎರಡೂ ಒಂದೇ ಥರ ಕಾಣುತ್ತದೆ. ನಾನು ಗಮನವಿಲ್ಲದವನಾದೆ.

ಇನ್ನೂ ಇದೆ, ಕೇಳು. ಫೆಬ್ರುವರಿಯಲ್ಲಿ ಪಾರ್ಸೆಲ್ ಕಟ್ಟುವ ಮುಂಚೆ ಲೆನ್ಸನ್ನು ಪರೀಕ್ಷಿಸಲು ಮಸುಕು ಗಾಜಿನ ಮೇಲೆ ಬಿಂಬ ಬೀಳಿಸಿ ನೋಡಿದ್ದೆ. ಬಿಂಬದ ಅಂಚು ಸ್ಪಷ್ಟವಾಗಿ ನಿಲ್ಲಲಿಲ್ಲ. ಇದು ನನ್ನ ಕಣ್ಣಿನ ಪೊರೆ, ಲೆನ್ಸ್ ಸರಿಯಾಗಿಯೇ ಇರುತ್ತದೆ ಎಂದುಕೊಂಡೆ. ವಾಚಿನವರನ್ನು ಕರೆದು "ಒಂದು ಸಲ ನೋಡಿ ಹೇಳಿ" ಎನ್ನಬಹುದಿತ್ತು. ಕಣ್ಣು ಕಾಣುವುದಿಲ್ಲ ಎಂದು ಅವರ ಮುಂದೆ ಒಪ್ಪಿಕೊಳ್ಳಬೇಕಲ್ಲ, ಅದಕ್ಕೇ ಕರೆಯಲಿಲ್ಲ. ಆಮೇಲೆ ನೀನು ಹೊಗಳಿ ಬರೆದೆ. ಕೈಗುಣ ಎಂದು ಉತ್ತರ ಕೊಟ್ಟೆ! ಈಗ ಆ ಸಾಲು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಆಟ ಮುಗಿದು ದೀಪ ಹತ್ತಿದಾಗ ವಾಚಿನವರು ಎದ್ದು ನಿಂತು, "ಇದರ ಲೆನ್ಸ್ ಮಾಡಿದವರು ಇವರೇ" ಎಂದು ಜೋರಾಗಿ ಹೇಳಿಬಿಟ್ಟರು. ನಾಲ್ಕು ಜನ ತಿರುಗಿ ಚಪ್ಪಾಳೆ ಹೊಡೆದರು. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದೆ. ಎಲ್ಲರೂ ಹೋಗುವವರೆಗೆ ಮೇಲೆ ಏಳಲಿಲ್ಲ.

ಕ್ಷಮಿಸಮ್ಮ. ಅಕ್ಕನ ವಸ್ತು, ನಿನ್ನ ಹೆಸರು, ಎರಡನ್ನೂ ಹಾಳು ಮಾಡಿದೆ.

ಮಾಮ

ಡಿಸೆಂಬರ್ 18

ಮಾಮ,

ಉತ್ತರ ತಡವಾಯಿತು. ಮುಂದಿನ ಸಿನಿಮಾದ ಮಾತುಕತೆ, ಓಡಾಟ, ಪುರುಸೊತ್ತೇ ಇರಲಿಲ್ಲ.

ನೀವು ಇದನ್ನು ಇಷ್ಟು ದೊಡ್ಡದು ಮಾಡಬಾರದು. ತಪ್ಪು ಯಾರಿಂದ ಆಗುವುದಿಲ್ಲ ಹೇಳಿ. ಸಿನಿಮಾ ಹಾಳೇನೂ ಆಗಲಿಲ್ಲ, ಎಲ್ಲರೂ ಮೆಚ್ಚಿದ್ದಾರೆ. ನಿಮ್ಮ ಮೇಲೆ ನನಗೆ ಏನೇನೂ ಬೇಸರವಿಲ್ಲ. ಕ್ಷಮೆ ಎಂಬ ಮಾತೆಲ್ಲ ಯಾಕೆ ಮಾಮ? ನಿಮ್ಮ ಸಮಾಧಾನಕ್ಕೆ ಬೇಕೇ ಬೇಕು ಎಂದರೆ, ಕ್ಷಮಿಸಿದ್ದೇನೆ. ಆಯಿತಾ?

ಮುಂದಿನ ಸಿನಿಮಾಕ್ಕೂ ಅದೇ ಲೆನ್ಸ್ ಬೇಕು ಎಂದು ನಿರ್ದೇಶಕರು ಹಟ ಹಿಡಿದಿದ್ದಾರೆ. ಅದಕ್ಕೇ ಹೇಳುತ್ತೇನೆ, ಈ ವಿಷಯ ನಮ್ಮಿಬ್ಬರಲ್ಲೇ ಇರಲಿ. ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದೀರಾ? ಚಳಿಯಲ್ಲಿ ಬೇಗ ಬಾಗಿಲು ಹಾಕಿ ಮನೆಗೆ ಹೋಗಿ.

ಗುಬ್ಬಿ

ಜನವರಿ 8

ಗುಬ್ಬಿ,

ನೀನು ದೊಡ್ಡ ಮನಸ್ಸಿನವಳು. ಅಕ್ಕನ ಮಗಳಲ್ಲವೇ. ಅವಳೂ ಹೀಗೆಯೇ, ತಪ್ಪು ಎದುರಿನವರದಾದರೂ ತಾನೇ ಸಮಾಧಾನ ಹೇಳುವವಳು.

ಆದರೆ ನೀನು ಕ್ಷಮಿಸಿದೆ ಎಂದು ನಾನು ಮತ್ತೆ ಮೇಜಿನ ಮುಂದೆ ಕೂರಲಾದೀತೇ? ಪೊರೆ ಇದ್ದ ಎರಡು ವರ್ಷದಲ್ಲಿ ಯಾರ್ಯಾರ ಲೆನ್ಸ್ ಬಿಚ್ಚಿದ್ದೆನೋ ಅವರಿಗೆಲ್ಲ ಕಾರ್ಡು ಬರೆದೆ, ಒಂದು ಸಲ ತಂದು ತೋರಿಸಿ ಎಂದು. ಹನ್ನೊಂದು ಬಂದವು. ಮದುವೆ ಫೋಟೊದವರದು, ಕಾಲೇಜಿನ ಪ್ರಯೋಗಾಲಯದ್ದು, ಹಕ್ಕಿ ಫೋಟೊ ತೆಗೆಯುವ ನಿವೃತ್ತ ಮೇಷ್ಟರದು. ಹನ್ನೊಂದನ್ನೂ ಬಿಚ್ಚಿ ನೋಡಿದೆ. ಹನ್ನೊಂದೂ ಸರಿಯಾಗಿವೆ, ಒಂದು ಬಾಣವೂ ತಪ್ಪಿಲ್ಲ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಯಾರ್ಯಾರದೋ ಗಾಜಿಗೆ ಕೊಟ್ಟ ಗಮನವನ್ನು ಒಡಹುಟ್ಟಿದವಳ ಗಾಜಿಗೆ ಕೊಡಲಿಲ್ಲ ಎಂದಾಯಿತು. ಮನೆಯವರದ್ದು ತಾನೇ, ಹೇಗಿದ್ದರೂ ನಡೆಯುತ್ತದೆ ಎಂದುಕೊಂಡೆನೇನೋ. ಎಷ್ಟು ತಲೆ ಕೆರೆದುಕೊಂಡರೂ ಆ ದಿನ ಎಲ್ಲಿ ಎಡವಿದೆ ಎಂದು ಜ್ಞಾಪಕಕ್ಕೆ ಬರುವುದಿಲ್ಲ.

ಅಂಗಡಿ ಮುಚ್ಚಿದ್ದೇನೆ. ಬೋರ್ಡು ಇಳಿಸಿಯಾಯಿತು. ಕೋಣೆಯನ್ನು ಫೆಬ್ರುವರಿ ಕೊನೆಗೆ ವಾಚಿನವರು ತೆಗೆದುಕೊಳ್ಳುತ್ತಾರೆ, ಅವರಿಗೂ ಜಾಗ ಸಾಲದು. ಲೆನ್ಸಿನೊಳಗೆ ಗಾಜು ಹಿಡಿದಿಡುವ ಬಳೆ ತಿರುಗಿಸುವ ಕೈವಾರ, ಚಿಮುಟ, ಸಣ್ಣ ತಿರುಪುಳಿಗಳು, ನನ್ನ ಭೂತಗನ್ನಡಿ, ಎಲ್ಲ ಒಂದು ಪೆಟ್ಟಿಗೆಯಲ್ಲಿ ಹಾಕಿ ನಿನ್ನ ಹೆಸರು ಬರೆದಿಟ್ಟಿದ್ದೇನೆ. ಬೇರೆಯವರಿಗೆ ಕೊಡಲು ಮನಸ್ಸು ಬರಲಿಲ್ಲ. ವಾಚಿನವರು ಮೂರು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. "ಒಂದು ಗಾಜಿಗೆ ಯಾರಾದ್ರೂ ಅಂಗಡಿ ಮುಚ್ತಾರೇನ್ರೀ?" ಎಂದು ಬೈದು ಬಾಗಿಲು ಹಾಕಿಕೊಂಡರು. ಅವರಿಗೆ ಹೇಗೆ ಅರ್ಥವಾಗಬೇಕು?

ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ. ಅಂಗಡಿಯ ತನಕ ನಡೆದು, ಬೀಗ ಮುಟ್ಟಿ, ವಾಪಸ್ ಬರುತ್ತೇನೆ.

ಮಾಮ

ಜನವರಿ 27

ಮಾಮ,

ಕೋಣೆಯನ್ನು ಬಿಟ್ಟುಕೊಡಬೇಡಿ. ದಯವಿಟ್ಟು. ಮೊದಲು ಇದನ್ನು ಓದಿ, ಆಮೇಲೆ ನನ್ನನ್ನು ಏನು ಬೇಕಾದರೂ ಮಾಡಿ.

ಆ ಗಾಜನ್ನು ತಿರುಗಿಸಿ ಹಾಕಿದವಳು ನಾನು. ನೀವಲ್ಲ.

ನನಗೆ ಆಗ ಹದಿನೈದು. ಬೇಸಿಗೆ ರಜೆಯಲ್ಲಿ ನಿಮ್ಮ ಅಂಗಡಿಗೆ ಬರುತ್ತಿದ್ದೆನಲ್ಲ. ಒಂದು ಮಧ್ಯಾಹ್ನ ನೀವು ಊಟಕ್ಕೆ ಹೋಗಿದ್ದಿರಿ. ಅಮ್ಮನ ಕ್ಯಾಮೆರಾ ನನ್ನ ಚೀಲದಲ್ಲಿತ್ತು. ಒಳಗೆಲ್ಲ ಒರೆಸಿ ಫಳಫಳ ಮಾಡಿ ಅಮ್ಮನಿಗೆ ತೋರಿಸಿದರೆ ಎಷ್ಟು ಖುಷಿಪಡುತ್ತಾಳೆ ಎಂದುಕೊಂಡೆ. ಹಿಂದಿನ ಮುಚ್ಚಳ ತೆಗೆದು, ನಿಮ್ಮ ಕೈವಾರದಿಂದ ಬಳೆ ತಿರುಗಿಸಿ, ಕೊನೆಯ ಗಾಜು ಹೊರಗೆ ತೆಗೆದೆ. ಬಾಣ ಬರೆಯಲಿಲ್ಲ. ಒಂದೇ ಗಾಜು ತಾನೇ, ನೆನಪಿರುತ್ತದೆ ಎಂದುಕೊಂಡೆ. ಒರೆಸುವಾಗ ಜಾರಿ ಬಟ್ಟೆಯ ಮೇಲೆ ಹೊರಳಿತು. ಒಡೆಯಲಿಲ್ಲ. ಆದರೆ ಯಾವ ಮೈ ಮುಂದೆ ಎಂದು ಗೊತ್ತಾಗಲಿಲ್ಲ. ಹೊರಗೆ ನಿಮ್ಮ ಚಪ್ಪಲಿ ಸದ್ದು ಕೇಳಿಸಿತು. ಹೇಗೆ ಕೂತಿತೋ ಹಾಗೆ ಕೂರಿಸಿ ಬಳೆ ಬಿಗಿದೆ.

ರಜೆ ಮುಗಿಯುವ ಮುಂಚೆ ಅಮ್ಮ ಪ್ರಿಂಟು ಹಿಡಿದುಕೊಂಡು ಬಂದಳು. ನೀವು ಕೈ ನಡುಗುತ್ತಿದೆ ಎಂದು ರೇಗಿಸಿದಿರಿ. ಆ ದಿನ ನಾನು ಅಲ್ಲೇ ಇದ್ದೆ ಮಾಮ. ಸ್ಟೂಲಿನ ಮೇಲೆ ಕೂತು ಸ್ಕ್ರೂ ಬೇರೆ ಮಾಡುತ್ತಿದ್ದೆ. ಅಮ್ಮ ತನ್ನ ಎರಡು ಕೈಯನ್ನೂ ಮುಂದೆ ಚಾಚಿ, "ಎಲ್ಲಿ, ನಡುಗ್ತಾ ಇದೆಯೇನೋ? ನೋಡು" ಎಂದಳು. ನೀವಿಬ್ಬರೂ ನಕ್ಕಿರಿ. ನಾನೂ ನಕ್ಕೆ. ಅವಳ ಕೈ ಕಲ್ಲಿನ ಹಾಗೆ ನಿಂತಿತ್ತು.

ಬಾಯಿ ಬಿಟ್ಟಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಬಿಡಲಿಲ್ಲ. ನಾಳೆ ಹೇಳೋಣ ಎಂದುಕೊಂಡು ಇಪ್ಪತ್ತೆರಡು ವರ್ಷ ಕಳೆಯಿತು. ಹದಿನೈದರ ನಂತರ ಅಮ್ಮ ತೆಗೆದ ನನ್ನ ಫೋಟೊ ಒಂದೂ ಇಲ್ಲ. ನಾನು ಕ್ಯಾಮೆರಾ ಕೆಲಸ ಕಲಿಯಲು ಹೊರಟ ದಿನ ಬಸ್ಸಿನ ಕಿಟಕಿಯ ಹತ್ತಿರ ಬಂದು, "ನನ್ನ ಕೈ ನಿನಗೆ ಬರದೇ ಇರ್ಲಿ ಮಗಳೇ" ಎಂದು ತಲೆ ಸವರಿದಳು. ಆಗಲೂ ಹೇಳಲಿಲ್ಲ. ಆಸ್ಪತ್ರೆಯ ಕೊನೆಯ ವಾರ ಇಡೀ ಅವಳ ಪಕ್ಕದಲ್ಲೇ ಕೂತಿದ್ದೆ. ಆಗಲೂ ಇಲ್ಲ.

ಟೆಸ್ಟ್ ದಿನ ಪರದೆಯ ಮೇಲೆ ಆ ಅಂಚು ನೋಡಿದಾಗಲೇ ನನಗೆ ಗುರುತು ಸಿಕ್ಕಿತ್ತು. ಅಮ್ಮನ ಕೊನೆಯ ರೋಲಿನ ಫೋಟೊಗಳ ಅಂಚೂ ಹೀಗೆಯೇ ಇತ್ತು. ಬೇಕೆಂದೇ ಏನಾದರೂ ಮಾಡಿದಿರಾ ಎಂದು ನಿಮ್ಮನ್ನು ಮತ್ತೆ ಮತ್ತೆ ಕೇಳಿದ್ದು ಅದಕ್ಕೇ. ಹೌದು ಎಂದು ನೀವು ಹೇಳಲಿ ಎಂದು ಹಂಬಲಿಸುತ್ತಿದ್ದೆ. ಕೈಗುಣ ಎಂದು ಬರೆದಿರಿ. ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ನವೆಂಬರಿನಲ್ಲಿ ನಿಮ್ಮ ಕಾಗದ ಬಂದ ದಿನ, ಆಣೆ ಮುರಿದು ಲೆನ್ಸ್ ಬಿಚ್ಚಿದೆ. ಕೊನೆಯ ಗಾಜಿನ ಅಂಚಿನಲ್ಲಿ ನಿಮ್ಮ ಬಾಣ ಇತ್ತು. ಮೂತಿ ಮುಂದಕ್ಕೇ ಇತ್ತು ಮಾಮ. ಹೇಗೆ ಬಂತೋ ಹಾಗೆಯೇ ವಾಪಸ್ ಇಟ್ಟಿದ್ದೀರಿ. ನಿಮ್ಮ ಕೈ ಒಂದು ಎಳೆಯಷ್ಟೂ ತಪ್ಪಿರಲಿಲ್ಲ. ಪೊರೆ ಕಟ್ಟಿದ ಕಣ್ಣಿನಲ್ಲಿ ಬರೆದ ಬಾಣ ಅಷ್ಟು ನೆಟ್ಟಗಿತ್ತು. ನಾನೇ ತಪ್ಪಾಗಿ ಕೂರಿಸಿದ್ದನ್ನು ನೀವು ನಂಬಿ ಕಾಪಾಡಿದ್ದಿರಿ.

ಅದನ್ನು ನೋಡಿಯೂ ಬಳೆ ಬಿಗಿದೆ. ಒಂದು ತಿಂಗಳು ಸುಮ್ಮನಿದ್ದು, ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆದೆ. ನಾನು! ನಿಮ್ಮನ್ನು! ಅದಾದ ಮೇಲೂ ನೀವು ನನ್ನನ್ನು ದೊಡ್ಡ ಮನಸ್ಸಿನವಳು ಎಂದಿರಿ. ಆ ಸಾಲನ್ನು ಬೆರಳಿನಿಂದ ಮುಚ್ಚಿಕೊಂಡು ಉಳಿದದ್ದನ್ನು ಓದಿದೆ.

ನಿರ್ದೇಶಕರಿಗೆ ಈ ಲೆನ್ಸ್ ಇನ್ನು ಸಿಗುವುದಿಲ್ಲ ಎಂದು ಹೇಳಿದ್ದೇನೆ. ಅದು ನನ್ನ ಮೇಜಿನ ಮೇಲಿದೆ. ಗಾಜನ್ನು ಸರಿಯಾಗಿ ತಿರುಗಿಸಲು ಎರಡು ನಿಮಿಷ ಸಾಕು. ಮುಟ್ಟಲು ಧೈರ್ಯವಾಗುತ್ತಿಲ್ಲ. ಏನು ಮಾಡಲಿ? ಬೈದಾದರೂ ಬರೆಯಿರಿ. ಅಂಗಡಿ ಮಾತ್ರ ಮುಚ್ಚಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಗುಬ್ಬಿ

ಮಾರ್ಚ್ 2

ಗುಬ್ಬಿ,

ಒಂದು ತಿಂಗಳು ನಿನ್ನನ್ನು ಕಾಯಿಸಿದೆ. ಬೇಕೆಂದೇ ಕಾಯಿಸಿದೆ.

ನಿನ್ನ ಕಾಗದ ಓದಿದಾಗ ಮೊದಲು ಆದದ್ದು ಖುಷಿ. ನನ್ನ ಕೈ ತಪ್ಪಿಲ್ಲ! ಮನೆಯಲ್ಲಿ ಒಬ್ಬನೇ ನಿಂತು ಚಪ್ಪಾಳೆ ಹೊಡೆದೆ. ಅಕ್ಕನ ವಿಷಯ ಆಮೇಲೆ ಹೊಳೆಯಿತು. ಎಂಥವನು ನೋಡು ನಾನು. ಆಮೇಲೆ ಸಿಟ್ಟು ಬಂತು. ನಿನಗೆ ಬರೆದ ಎರಡು ಕಾಗದ ಹರಿದು ಹಾಕಿದ್ದೇನೆ. ಅದರಲ್ಲಿ ಇದ್ದ ಮಾತುಗಳನ್ನು ನೀನು ಓದದೇ ಇದ್ದದ್ದೇ ಒಳ್ಳೆಯದು.

ಆದರೆ ನಾನೂ ಒಂದು ಮಾತು ನುಂಗಿಕೊಂಡಿದ್ದೇನೆ. ಮೊದಲ ಕಾಗದದಲ್ಲಿ ಅಕ್ಕ ಬಂದಳು, ರೇಗಿಸಿದೆ, ನಕ್ಕಳು ಎಂದಷ್ಟೇ ಬರೆದೆನಲ್ಲ. ಅವಳು ಇನ್ನೊಂದು ಸಲವೂ ಬಂದಿದ್ದಳು. ನಿನಗೆ ಆಗ ಶಾಲೆ ಶುರುವಾಗಿತ್ತು. ನಗಲಿಲ್ಲ ಆ ಸಲ. "ಒಂದು ಸಾರಿ ಬಿಚ್ಚಿ ನೋಡೋ, ನನ್ನ ಕೈ ಸರಿಯಾಗೇ ಇದೆ ಕಣೋ" ಎಂದು ಕ್ಯಾಮೆರಾ ಬಿಟ್ಟು ಹೋದಳು. ನಾಲ್ಕು ದಿನ ನನ್ನ ಮೇಜಿನ ಮೇಲಿತ್ತು. ದೊಡ್ಡ ಸ್ಟುಡಿಯೋದವರ ಕೆಲಸ ಬಂದಿತ್ತು, ಅಕ್ಕನ ಆಟದ ಸಾಮಾನು ಆಮೇಲೆ ನೋಡೋಣ ಎಂದು ಬಿಟ್ಟೆ. ಐದನೇ ದಿನ ಬಂದಳು. ಮೇಲೆ ಒಂದು ಸಲ ಬಟ್ಟೆಯಲ್ಲಿ ಒರೆಸಿ ಕೈಗೆ ಕೊಟ್ಟೆ. "ಬಿಚ್ಚಿ ನೋಡಿದೆ ಅಕ್ಕ, ಏನೂ ಇಲ್ಲ" ಎಂದೆ. ಬಿಚ್ಚಿರಲಿಲ್ಲ. ತಮ್ಮ ಹೇಳಿದ ಮೇಲೆ ಮುಗಿಯಿತು ಎಂದು ನಂಬಿದಳು. ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡಳು. ಹೋದಳು.

ಗಾಜು ತಿರುಗಿಸಿದವಳು ನೀನು. ಅದನ್ನು ಅದೇ ವಾರ ಕಂಡುಹಿಡಿಯಬೇಕಾಗಿದ್ದವನು ನಾನು. ನವೆಂಬರಿನಲ್ಲಿ ಥಿಯೇಟರಿನಲ್ಲಿ ಕೂತು ಇದು ನನ್ನದೇ ತಪ್ಪು ಎಂದು ಅಷ್ಟು ಬೇಗ ಯಾಕೆ ಒಪ್ಪಿಕೊಂಡೆ ಎಂದು ಈಗ ತಿಳಿಯುತ್ತದೆ. ಆ ಕ್ಯಾಮೆರಾದ ವಿಷಯದಲ್ಲಿ ನನ್ನ ತಪ್ಪು ಒಳಗೇ ಕೊರೆಯುತ್ತಿತ್ತು, ಅದಕ್ಕೆ ಒಂದು ಹೆಸರು ಬೇಕಿತ್ತು, ಸಿಕ್ಕಿತು. ಆದ್ದರಿಂದ ನಿನ್ನನ್ನು ಕ್ಷಮಿಸಿದೆ ಎಂದು ನಾನು ಬರೆಯಲಾರೆ. ಆ ಹಕ್ಕು ಇದ್ದವಳು ಈಗಿಲ್ಲ. ನೀನೂ ನನಗೆ ಅಂಥದ್ದೇನೂ ಬರೆಯಬೇಡ.

ಕೋಣೆ ಕೊಟ್ಟಿಲ್ಲ. ಬೋರ್ಡು ವಾಪಸ್ ಏರಿಸುವಾಗ ವಾಚಿನವರು ಏಣಿ ಹಿಡಿದುಕೊಂಡರು. ಬೋರ್ಡು ಸೊಟ್ಟಗಿದೆ ಎಂದು ಕೈಸನ್ನೆ ಮಾತ್ರ ಮಾಡಿದರು. ನಿನ್ನ ನಿರ್ದೇಶಕರಿಗೆ ಹೇಳು, ಬೇರೊಂದು ಹಳೆಯ ಪುಟ್ಟ ಕ್ಯಾಮೆರಾ ಹುಡುಕಿ, ಅದರ ಗಾಜನ್ನು ನಾನೇ ಬೇಕೆಂದು ತಿರುಗಿಸಿ ಕೊಡುತ್ತೇನೆ. ಮೂತಿ ಹಿಂದಕ್ಕಿರುವ ಬಾಣವನ್ನು ಮೊದಲ ಸಲ ಇಡುತ್ತೇನೆ. ನೋಡೋಣ.

ಅಕ್ಕನ ಲೆನ್ಸನ್ನು ಅಲ್ಲಿ ಮುಟ್ಟಬೇಡ. ಇಲ್ಲಿಗೆ ತೆಗೆದುಕೊಂಡು ಬಾ. ನಿನ್ನ ಸ್ಟೂಲು ಇದೆ. ನೀನೇ ಬಳೆ ತಿರುಗಿಸಿ, ನೀನೇ ಗಾಜು ಸರಿಯಾಗಿ ಕೂರಿಸು. ನಾನು ಪಕ್ಕದಲ್ಲಿ ಕೈ ಕಟ್ಟಿ ಕೂರುತ್ತೇನೆ. ಆಮೇಲೆ ಬಿಸ್ಕತ್ತಿನ ಡಬ್ಬಿ ತೆಗೆದು, ಅದನ್ನು ಅದರ ಮನೆಗೆ ಸೇರಿಸೋಣ. ಒಂದು ರೋಲ್ ತಂದಿಟ್ಟಿದ್ದೇನೆ. ಯಾರ ಫೋಟೊ ತೆಗೆಯುವುದು ಎಂದು ಮಾತ್ರ ನನಗೆ ತೋಚುತ್ತಿಲ್ಲ. ಆ ಕ್ಯಾಮೆರಾದ ಮುಂದೆ ನಿಲ್ಲಲು ನಮ್ಮಿಬ್ಬರಿಗೂ ಮುಖವಿಲ್ಲ.

ಆದರೂ ಬಾ.

ಮಾಮ